ತಾನಾಗಿ ಕೂಡುವ ಬಳೆ

ದ್ವಾರಕಾ ನಗರದ ಬಸ್ ನಿಲ್ದಾಣದ ಆಸುಪಾಸಿನ ಹೋಟೆಲುಗಳಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಕೋಡುಬಳೆಯ ಕಷ್ಟವನ್ನು ನಾವು ಹೇಳಬೇಕಾಗಿಲ್ಲ. ಹಿಟ್ಟಿನ ಎರಡು ತುದಿಗಳು ಸರಿಯಾಗಿ ಕೂಡದಿದ್ದರೆ ಬಳೆಯು ಬಾಣಲೆಯಲ್ಲಿ ಬಾಯಿ ಬಿಡುವುದು. ಬೆಂದ ಮೇಲೆ ಅದನ್ನು ತಿದ್ದಲು ಯಾರಿಂದಲೂ ಆಗದು. ಆದರೆ ಬೆರಳಿನ ನೆರವಿಲ್ಲದೆ ಕೂಡುವ, ತಪ್ಪಿದರೆ ತಾವೇ ಬಿಚ್ಚಿಕೊಂಡು ಸರಿಪಡಿಸಿಕೊಳ್ಳುವ ಬಳೆಗಳೂ ಉಂಟು. ಅವು ಕಣ್ಣಿಗೆ ಕಾಣದ ಅಣುಗಳು.

ಈ ಬಳೆಗೆ ಲೋಹದ ಪರಮಾಣುವೇ ಮೂಲೆ. ಲೋಹವನ್ನು ಹಿಡಿದುಕೊಳ್ಳುವ ಸಾವಯವ ಅಣುವೇ ಬದಿ; ಅದಕ್ಕೆ ಲಿಗ್ಯಾಂಡ್ ಎಂದು ಹೆಸರು. 1990ರಲ್ಲಿ ಜಪಾನಿನ ಮಕೋಟೊ ಫುಜಿತಾ ಮತ್ತು ಸಂಗಡಿಗರು ಪಲ್ಲೇಡಿಯಂ ಲೋಹವನ್ನು ಆರಿಸಿಕೊಂಡರು. ಅದಕ್ಕೆ ಒಂದೇ ಸಮತಲದಲ್ಲಿ ನಾಲ್ಕು ಕೈಗಳು. ಅಕ್ಕಪಕ್ಕದ ಎರಡನ್ನು ಎಥಿಲೀನ್ ಡೈಅಮೀನ್ ಎಂಬ ಸಣ್ಣ ಅಣುವಿನಿಂದ ಕಟ್ಟಿಹಾಕಲು, ಉಳಿದೆರಡು ಕೈಗಳ ನಡುವೆ 90 ಡಿಗ್ರಿಯ ಕೋನವು ನಿಂತಿತು. ಎರಡು ತುದಿಗಳಲ್ಲಿಯೂ ಸಾರಜನಕವುಳ್ಳ, ಕಡ್ಡಿಯಂತೆ ನೆಟ್ಟಗಿರುವ ಬೈಪಿರಿಡೀನನ್ನು ನೀರಿನಲ್ಲಿ ಇದರೊಡನೆ ಬೆರೆಸಲು, ನಾಲ್ಕು ಮೂಲೆ, ನಾಲ್ಕು ಬದಿಗಳ ಚೌಕವು ತಾನಾಗಿ ಮೂಡಿತು.

ಕೋನವೇ ಇಲ್ಲಿ ಅಡಿಗೆಯವನ ಬೆರಳು. ಲಿಗ್ಯಾಂಡು ಬಾಗಿದ್ದರೆ ಆಕಾರವು ಬೇರೆಯಾಗುವುದು. ಮೂಲೆಯ ಕೋನವು 60 ಡಿಗ್ರಿಯಾದರೆ ನೇರ ಬದಿಗಳಿಂದ ತ್ರಿಕೋನವಾಗುವುದು. ಆದುದರಿಂದ ರಸಾಯನಜ್ಞನು ಬೆರೆಸುವ ಮೊದಲೇ ಲೆಕ್ಕ ಹಾಕಬೇಕು. ಬಂಧವು ಮಿತವಾಗಿಯೂ ಇರಬೇಕು. ತೀರ ಸಡಿಲವಾದರೆ ಬಳೆಯು ನಿಲ್ಲದು. ತೀರ ಬಿಗಿಯಾದರೆ ತಪ್ಪು ಬಿಚ್ಚದು. ಪ್ಲಾಟಿನಂ ಬಂಧಗಳು ಪಲ್ಲೇಡಿಯಂಗಿಂತ ನಿಧಾನವಾಗಿ ಬಿಚ್ಚುವುದರಿಂದ ಅವಕ್ಕೆ ಹೆಚ್ಚು ಕಾಲವೂ ಕಾವೂ ಬೇಕಾಗುವುವು.

1909ರಲ್ಲಿ ಸ್ಥಾಪಿತವಾದ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಪಾರ್ಥಸಾರಥಿ ಮುಖರ್ಜಿಯವರು ಇಂತಹ ಬಳೆಗಳನ್ನೂ ಪಂಜರಗಳನ್ನೂ ರಚಿಸಿದ್ದಾರೆ. 2016ರಲ್ಲಿ ಅವರಿಗೆ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿಯು ಸಂದಿತು. ಅವರ ಪ್ಲಾಟಿನಂ ಬಳೆಗಳಲ್ಲಿ ಕೆಲವು ಬೆಳಕು ಬಿದ್ದಾಗ ತಾವೂ ಹೊಳೆಯುವುವು. ಸಿಡಿಮದ್ದಿನ ಜಾತಿಗೆ ಸೇರಿದ ಪಿಕ್ರಿಕ್ ಆಮ್ಲದಂತಹ ವಸ್ತುವು ಸಮೀಪಿಸಿದರೆ ಆ ಹೊಳಪು ಕುಂದುವುದು. ಅಂತಹ ಅಪಾಯವನ್ನು ಮುಂಚಿತವಾಗಿ ಅರಿಯಲು ಈ ಮಂಕೇ ಸಂಕೇತ. ಜನಸಂದಣಿಯ ನಿಲ್ದಾಣಗಳ ಬಳಿ ಬದುಕುವ ನಮಗೆ ಇಂತಹ ಎಚ್ಚರಿಕೆಯ ಬೆಲೆಯು ತಿಳಿಯದ್ದಲ್ಲ.

1926ರಲ್ಲಿ ಸ್ಥಾಪಿತವಾದ ಆಂಧ್ರ ವಿಶ್ವವಿದ್ಯಾನಿಲಯವು ಇದೇ ವಿಶಾಖಪಟ್ಟಣದಲ್ಲಿದೆ. ನಮ್ಮವರ ಮಕ್ಕಳಲ್ಲಿ ರಸಾಯನಶಾಸ್ತ್ರವನ್ನು ಕಠಿಣವೆಂದು ಕೈಬಿಡುವವರಿದ್ದರೆ ಹಿರಿಯರು ಒಂದು ಮಾತು ಹೇಳಲಿ: ತಂದೆಯು ಒಲೆಯ ಮುಂದೆ ಕಲಿತ ಅಳತೆ, ಹದ, ಕಾಯುವ ತಾಳ್ಮೆಗಳೇ ಈ ವಿದ್ಯೆಯ ಬಂಡವಾಳವೂ ಆಗಿವೆ.