ಹೃದಯದ ಬಲವೂ ಲಯವೂ: ಕ್ಯಾಲ್ಸಿಯಂನ ಎರಡು ಮುಖ

ವಿದ್ಯುತ್ ಸಂಕೇತ ಬಂದಾಗ ಹೃದಯ ಸ್ನಾಯು ಕುಗ್ಗುತ್ತದೆ ಎಂಬುದನ್ನು ಶಾಲೆಯಲ್ಲೇ ಓದಿರುತ್ತೇವೆ. ಸ್ನಾಯುವನ್ನು ಕುಗ್ಗಿಸುವ ಕ್ಯಾಲ್ಸಿಯಂ ಆ ವಿದ್ಯುತ್ತನ್ನೇ ತಿದ್ದಬಲ್ಲದು, ಕೆಡಿಸಲೂಬಲ್ಲದು ಎಂಬ ಸಂಗತಿ ಮಾತ್ರ ವೈದ್ಯಲೋಕದ ಆಚೆ ಅಷ್ಟಾಗಿ ತಿಳಿದಿಲ್ಲ.

ಕೋಶದೊಳಗಿನ ಉಗ್ರಾಣ

1883ರಲ್ಲಿ ಲಂಡನ್ನಿನ ವೈದ್ಯರೊಬ್ಬರು ಗಮನಿಸಿದರು: ನಲ್ಲಿ ನೀರಿನಿಂದ ಮಾಡಿದ ಉಪ್ಪಿನ ದ್ರಾವಣದಲ್ಲಿ ಚೆನ್ನಾಗಿ ಮಿಡಿಯುತ್ತಿದ್ದ ಕಪ್ಪೆಯ ಹೃದಯ, ಬಟ್ಟಿ ಇಳಿಸಿದ ನೀರಿನ ದ್ರಾವಣದಲ್ಲಿ ಸೊರಗುತ್ತಿತ್ತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಈ ವ್ಯತ್ಯಾಸಕ್ಕೆ ಕಾರಣವಾಗಿತ್ತು.

ವಿಶ್ರಾಂತಿಯಲ್ಲಿರುವ ಹೃದಯ ಕೋಶದೊಳಗೆ ಮುಕ್ತ ಕ್ಯಾಲ್ಸಿಯಂ ಹೊರಗಿನದರ ಸುಮಾರು 10,000ದಲ್ಲಿ ಒಂದು ಪಾಲು ಮಾತ್ರ. ವಿದ್ಯುತ್ ಅಲೆ ಬಂದಾಗ ಕೋಶಪೊರೆಯ ದ್ವಾರಗಳು ತೆರೆದು ಅಲ್ಪ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದು ಒಳಗಿನ ಉಗ್ರಾಣದ ಬಾಗಿಲು ತೆರೆಸಿ, ಹಲವು ಪಟ್ಟು ಹೆಚ್ಚು ಕ್ಯಾಲ್ಸಿಯಂ ಹೊರಬರುವಂತೆ ಮಾಡುತ್ತದೆ. ಹೀಗೆ ಬಿಡುಗಡೆಯಾದ ಕ್ಯಾಲ್ಸಿಯಂ ಎರಡು ಪ್ರವಾಹಗಳ ಮೇಲೆ ಪರಿಣಾಮ ಬೀರುತ್ತದೆ. ತನ್ನನ್ನು ಹೊರಡಿಸಿದ ಪೊರೆಯ ದ್ವಾರಗಳನ್ನೇ ಮುಚ್ಚಿಸಿ ಒಳಹರಿವಿಗೆ ಕಡಿವಾಣ ಹಾಕುತ್ತದೆ. ಮತ್ತೊಂದೆಡೆ, ತನ್ನನ್ನು ಹೊರಹಾಕುವ ವಿನಿಮಯವನ್ನು ಹೆಚ್ಚಿಸುತ್ತದೆ: ಒಂದು ಕ್ಯಾಲ್ಸಿಯಂ ಅಯಾನು ಹೊರಹೋಗಲು ಮೂರು ಸೋಡಿಯಂ ಅಯಾನುಗಳು ಒಳಬರಬೇಕು. ಪ್ರತಿ ವಿನಿಮಯದಲ್ಲೂ ಒಂದು ಧನ ವಿದ್ಯುದಂಶ ಕೋಶದೊಳಗೆ ಉಳಿಯುತ್ತದೆ. ಮಿಡಿತಗಳ ನಡುವಿನ ಬಿಡುವಿನಲ್ಲಿ ಉಗ್ರಾಣ ಸೋರಿದರೆ, ಇದೇ ಪುಟ್ಟ ಪ್ರವಾಹ ಅಕಾಲ ಮಿಡಿತವೊಂದನ್ನು ಹುಟ್ಟಿಸಬಲ್ಲದು.

ಬಲಕ್ಕೆ ತೆತ್ತ ಬೆಲೆ

ಸೋತ ಹೃದಯಕ್ಕೆ ಕ್ಯಾಲ್ಸಿಯಂ ಮೂಲಕ ಬಲ ತುಂಬುವ ಯತ್ನ ಹಳೆಯದು. 1785ರಲ್ಲಿ ಇಂಗ್ಲೆಂಡಿನ ವೈದ್ಯರೊಬ್ಬರು ವಿವರಿಸಿದ ಡಿಜಿಟಾಲಿಸ್ ಎಂಬ ಔಷಧಿ ಉಗ್ರಾಣವನ್ನು ತುಂಬಿಸಿ ಸ್ನಾಯುವನ್ನು ಬಲಪಡಿಸುತ್ತದೆ. ಪ್ರಮಾಣ ಮೀರಿದರೆ ಅದೇ ಉಗ್ರಾಣ ಸೋರಿ ಲಯ ತಪ್ಪುತ್ತದೆ. ಬೇರೆ ಹಾದಿಯಿಂದ ಕ್ಯಾಲ್ಸಿಯಂ ಹೆಚ್ಚಿಸುವ ಮಿಲ್ರಿನೋನ್ ಮಾತ್ರೆಯನ್ನು ತೀವ್ರ ಹೃದಯ ವೈಫಲ್ಯದವರಿಗೆ ದೀರ್ಘಕಾಲ ಕೊಟ್ಟಾಗ ಸಾವು ಶೇ 28ರಷ್ಟು ಹೆಚ್ಚಿದ್ದು 1991ರಲ್ಲಿ ವರದಿಯಾಯಿತು. ತೀವ್ರ ನಿಗಾ ಘಟಕದಲ್ಲಿ ಇಂಥ ಔಷಧಿಗಳಿಗೆ ಇಂದಿಗೂ ಸ್ಥಾನವಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಲಯವನ್ನು ಮರೆತು ಬಲವನ್ನಷ್ಟೇ ಅಳೆಯುವ ಚಿಕಿತ್ಸೆ ಅಪಾಯಕಾರಿ ಎಂಬುದು ಈ ಅನುಭವದಿಂದ ಸ್ಪಷ್ಟ.

ಓಡುವಾಗ ಕುಸಿಯುವ ಮಕ್ಕಳು

ಸೋರಿಕೆಯ ಪರಿಣಾಮ ಅತ್ಯಂತ ನಿಚ್ಚಳವಾಗಿ ಕಾಣುವುದು ಒಂದು ವಿರಳ ಆನುವಂಶಿಕ ಕಾಯಿಲೆಯಲ್ಲಿ. ಉಗ್ರಾಣದ ಬಾಗಿಲನ್ನು ರೂಪಿಸುವ ಜೀನ್‌ನ ದೋಷವೇ ಇದಕ್ಕೆ ಮುಖ್ಯ ಕಾರಣವೆಂದು 2001ರಲ್ಲಿ ಗೊತ್ತಾಯಿತು. ಓಟ, ಈಜು, ಹಠಾತ್ ಭಯ: ಅಡ್ರಿನಲಿನ್ ಏರಿದೊಡನೆ ಮಗು ಪ್ರಜ್ಞೆ ತಪ್ಪುತ್ತದೆ. ಹೃದಯದ ರಚನೆಯಲ್ಲಿ ದೋಷವಿರುವುದಿಲ್ಲ, ಮಲಗಿಸಿ ತೆಗೆದ ಇಸಿಜಿ ಸಾಮಾನ್ಯವಾಗಿಯೇ ಇರುತ್ತದೆ. ಹೀಗಾಗಿ ಮೂರ್ಛೆರೋಗವೆಂದು ಭಾವಿಸಿ ವರ್ಷಗಟ್ಟಲೆ ತಪ್ಪು ಚಿಕಿತ್ಸೆ ನಡೆದಿರುವುದುಂಟು. ಬೀಟಾ ಬ್ಲಾಕರ್ ಮಾತ್ರೆಗಳು ಬಹಳಷ್ಟು ಮಕ್ಕಳನ್ನು ಕಾಪಾಡುತ್ತವೆ. ಎಲ್ಲರಿಗೂ ಅಷ್ಟೇ ಸಾಲದು. ಮಕ್ಕಳು ಪ್ರಜ್ಞೆ ತಪ್ಪುವ ಎಲ್ಲ ಪ್ರಕರಣಗಳಿಗೂ ಹೃದಯ ಕಾರಣವಲ್ಲ, ಪೋಷಕರನ್ನು ಬೆದರಿಸುವ ಅಗತ್ಯವೂ ಇಲ್ಲ. ಆದರೂ ಆಟದ ನಡುವೆ ಕುಸಿದ ಮಗುವನ್ನು ಇಸಿಜಿ ಸರಿಯಿದೆ ಎಂದಷ್ಟೇ ಹೇಳಿ ಮನೆಗೆ ಕಳುಹಿಸುವುದು ಸರಿಯಲ್ಲ. ವೈದ್ಯರ ಕಣ್ಗಾವಲಿನಲ್ಲಿ ಟ್ರೆಡ್‌ಮಿಲ್ ಪರೀಕ್ಷೆ ನಡೆಯಬೇಕು, ಕುಟುಂಬದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವುಗಳಿದ್ದವೇ ಎಂದೂ ಕೇಳಬೇಕು.