ಗೋಬರ್ ಅನಿಲವನ್ನು ಶುದ್ಧಗೊಳಿಸುವ ಪದರ ಪೊರೆಗಳು

ಗೋಬರ್ ಅನಿಲ ಸ್ಥಾವರ ಹೊಂದಿರುವ ರೈತರು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದಿದೆ. ಅಡುಗೆಗೆ ಬಳಸಿ ಮಿಕ್ಕ ಅನಿಲವನ್ನು ಸಿಲಿಂಡರಿಗೆ ತುಂಬಿ ಮಾರಲು ಅಥವಾ ವಾಹನ ಓಡಿಸಲು ಬರುವುದೇ? ದೊಡ್ಡ ಸ್ಥಾವರಗಳಲ್ಲಿ ಇದು ನಡೆಯುತ್ತಿದೆ. ಅನಿಲವನ್ನು ತೆಳುವಾದ ಪ್ಲಾಸ್ಟಿಕ್ ಪೊರೆಗೆ ಒಡ್ಡಿ ಶುದ್ಧಗೊಳಿಸುವುದು ಅಲ್ಲಿನ ವಿಧಾನಗಳಲ್ಲೊಂದು. ಈ ಪೊರೆಯ ರಚನೆಯನ್ನು ತಿಳಿದುಕೊಂಡರೆ ಮನೆಯ ಸ್ಥಾವರಕ್ಕೆ ಅದು ಏಕೆ ಒಗ್ಗುವುದಿಲ್ಲ ಎಂಬುದೂ ತಿಳಿಯುತ್ತದೆ.

ಸಗಣಿಯಿಂದ ಬರುವ ಅನಿಲದಲ್ಲಿ ಉರಿಯುವ ಮೀಥೇನ್ ಸುಮಾರು ಶೇಕಡಾ 55ರಿಂದ 60ರಷ್ಟಿರುತ್ತದೆ. ಉಳಿದುದರಲ್ಲಿ ಬಹುಪಾಲು ಉರಿಯದ ಇಂಗಾಲದ ಡೈ ಆಕ್ಸೈಡ್. ಜೊತೆಗೆ ನೀರಾವಿ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅಲ್ಪ ಪ್ರಮಾಣದಲ್ಲಿರುತ್ತವೆ. ಒಲೆಗೆ ಈ ಮಿಶ್ರಣವೇ ಸಾಕು. ವಾಹನಕ್ಕೆ ತುಂಬುವ ಜೈವಿಕ ಅನಿಲದಲ್ಲಾದರೆ ಭಾರತೀಯ ಮಾನಕದ ಪ್ರಕಾರ ಮೀಥೇನ್ ಶೇಕಡಾ 90ಕ್ಕೆ ಕಡಿಮೆಯಿರಬಾರದು.

ಪೊರೆ ಎಂದೊಡನೆ ಜರಡಿ ನೆನಪಾಗುವುದು ಸಹಜ. ಆದರೆ ಇದು ಜರಡಿಯಲ್ಲ. ಬೇರ್ಪಡಿಸುವ ಪದರದಲ್ಲಿ ತೂತುಗಳೇ ಇರಕೂಡದು. ಒತ್ತಡ ಹೆಚ್ಚಿರುವ ಬದಿಯಲ್ಲಿ ಅನಿಲವು ಪ್ಲಾಸ್ಟಿಕ್ಕಿನಲ್ಲಿ ಕರಗಿ, ಒಳಗೆ ನುಸುಳಿ, ಒತ್ತಡ ಕಡಿಮೆಯಿರುವ ಬದಿಯಲ್ಲಿ ಹೊರಬೀಳುತ್ತದೆ. ಇಂಗಾಲದ ಡೈ ಆಕ್ಸೈಡಿನ ಅಣು ಮೀಥೇನಿನ ಅಣುವಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಭಾರ. ಆದರೂ ಅದು ಸಪೂರವಾಗಿದೆ, ಪ್ಲಾಸ್ಟಿಕ್ಕಿನಲ್ಲಿ ಹೆಚ್ಚು ಕರಗುತ್ತದೆ. ಆದುದರಿಂದ ಹಲವು ಪಟ್ಟು ಬೇಗ ದಾಟಿಹೋಗುತ್ತದೆ. ಮೀಥೇನ್ ಹಿಂದೆ ಉಳಿಯುತ್ತದೆ. ಈ ತತ್ವ ಹೊಸದೇನಲ್ಲ. 1866ರಲ್ಲಿಯೇ ಥಾಮಸ್ ಗ್ರಹಾಂ ಎಂಬ ವಿಜ್ಞಾನಿ ಗಾಳಿಯನ್ನು ರಬ್ಬರ್ ಹಾಳೆಯ ಮೂಲಕ ಹಾಯಿಸಿ, ಶೇಕಡಾ 21ರಷ್ಟಿದ್ದ ಆಮ್ಲಜನಕವನ್ನು ಶೇಕಡಾ 40ಕ್ಕೂ ಮೇಲೇರಿಸಿದ್ದರು.

ತತ್ವ ತಿಳಿದರೂ ಉದ್ಯಮಕ್ಕೆ ಬರಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಕಾರಣ ಪೊರೆಯ ದಪ್ಪ. ದಪ್ಪ ಹೆಚ್ಚಿದಷ್ಟೂ ಅನಿಲ ನಿಧಾನವಾಗಿ ದಾಟುತ್ತದೆ. 10 ಮೈಕ್ರಾನ್ ದಪ್ಪದ ಪೊರೆ ಎರಡೂವರೆ ಎಕರೆಯಷ್ಟು ಬೇಕಾಗುವ ಕೆಲಸಕ್ಕೆ, ಮೈಕ್ರಾನಿನ ಹತ್ತನೆಯ ಒಂದು ಭಾಗ ದಪ್ಪದ ಪೊರೆ ಒಂದು ಗುಂಟೆ ಸಾಕು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಇಷ್ಟು ತೆಳುವಾದ ಪದರ ತಾನಾಗಿ ನಿಲ್ಲಲಾರದು, ಒತ್ತಡವನ್ನಂತೂ ತಾಳಲಾರದು.

ಆದ್ದರಿಂದ ಅದನ್ನು ಬೇರೆ ಪದರಗಳ ಮೇಲೆ ಕೂರಿಸಬೇಕು. ಎಲ್ಲಕ್ಕೂ ಕೆಳಗೆ ಸೂಕ್ಷ್ಮ ರಂಧ್ರಗಳುಳ್ಳ ಗಟ್ಟಿ ಆಧಾರ ಪದರ. ಇದು ಬೇರ್ಪಡಿಸುವುದಿಲ್ಲ, ಭಾರ ಹೊರುತ್ತದೆ ಅಷ್ಟೆ. ಅದರ ಮೇಲೆ ಸಿಲಿಕೋನ್ ರಬ್ಬರಿನಂತಹ ಪದಾರ್ಥದ ಮಧ್ಯದ ಪದರ. ಜೌಗು ಜಮೀನಿನ ನೀರನ್ನು ಬಸಿಗಾಲುವೆ ಒಯ್ಯುವಂತೆ, ಮೇಲಿನಿಂದ ಬಂದ ಅನಿಲವನ್ನು ಇದು ಪಕ್ಕಕ್ಕೆ ಹರಿಸಿ ಕೆಳಗಿನ ರಂಧ್ರಗಳಿಗೆ ಮುಟ್ಟಿಸುತ್ತದೆ. ಲೇಪನ ಮಾಡುವಾಗ ಮೇಲಿನ ಪದರ ರಂಧ್ರಗಳೊಳಗೆ ಇಳಿಯದಂತೆಯೂ ತಡೆಯುತ್ತದೆ. ಇದರ ದಪ್ಪವನ್ನು ಗೊತ್ತುಮಾಡುವುದು ನಾಜೂಕಿನ ಕೆಲಸ: ತೀರ ತೆಳುವಾದರೆ ಪ್ರಯೋಜನವಿಲ್ಲ, ದಪ್ಪವಾದರೆ ಇದೇ ಅನಿಲಕ್ಕೆ ಅಡ್ಡಿ. ಇದರ ಮೇಲೆ ಬೇರ್ಪಡಿಸುವ ಪದರ, ಅದನ್ನು ಕಾಯಲು ಕೊನೆಯದಾಗಿ ಒಂದು ತೆಳು ಲೇಪ.

ಈ ಮೇಲಿನ ಲೇಪದ ಮಹತ್ವ ತಿಳಿದುದು ರಸಗೊಬ್ಬರಕ್ಕೆ ಬೇಕಾದ ಅಮೋನಿಯಾ ತಯಾರಿಸುವ ಕಾರ್ಖಾನೆಗಳಿಂದ. ಅಲ್ಲಿ ಬೇಡದ ಅನಿಲಗಳನ್ನು ಹೊರಬಿಡುವಾಗ ಬೆಲೆಬಾಳುವ ಜಲಜನಕವೂ ಹೋಗುತ್ತಿತ್ತು. ಅದನ್ನು ಮರಳಿ ಪಡೆಯಲು ಅಮೆರಿಕೆಯ ಮಾನ್ಸಾಂಟೊ ಕಂಪನಿಯ ಪೊರೆಗಳು 1980ರ ಸುಮಾರಿಗೆ ಬಳಕೆಗೆ ಬಂದವು. ತೆಳು ಪದರದಲ್ಲಿ ಕಣ್ಣಿಗೆ ಕಾಣದ ಒಂದೆರಡು ತೂತುಗಳಿದ್ದರೂ ಎಲ್ಲ ಅನಿಲಗಳೂ ಅಲ್ಲಿಯೇ ನುಗ್ಗುತ್ತವೆ. ಏರಿಯಲ್ಲಿ ಬಿಲವಿದ್ದರೆ ಕೆರೆಯ ನೀರು ನಿಲ್ಲುವುದೇ? ಹೆನಿಸ್ ಮತ್ತು ಟ್ರಿಪೋಡಿ ಎಂಬ ವಿಜ್ಞಾನಿಗಳು ಪೊರೆಯ ಮೇಲೆ ಸಿಲಿಕೋನ್ ಸವರಿ ಈ ತೂತುಗಳನ್ನು ಮುಚ್ಚಿದರು. ಸಿಲಿಕೋನಿನಲ್ಲಿ ಅನಿಲ ಸರಾಗವಾಗಿ ಸಾಗುವುದರಿಂದ ಪೊರೆಯ ಉಳಿದ ಭಾಗಕ್ಕೆ ಅದು ಅಡ್ಡಿಯಾಗಲಿಲ್ಲ. ಎಷ್ಟು ಸರಳ ಉಪಾಯ ನೋಡಿ!

ಇನ್ನು ಗೋಬರ್ ಅನಿಲದ ವಿಷಯ. ಪೊರೆ ಕೆಲಸ ಮಾಡಬೇಕಾದರೆ ಅನಿಲವನ್ನು 10 ವಾಯುಭಾರ ಅಥವಾ ಅದಕ್ಕೂ ಮೇಲೆ ಒತ್ತಬೇಕು. ಇದು 100 ಮೀಟರ್ ನೀರಿನ ಒತ್ತಡಕ್ಕೆ ಸಮ. ನಮ್ಮ ತೇಲುವ ಡ್ರಮ್ಮಿನ ಸ್ಥಾವರದಲ್ಲಿ ಇರುವುದು ಸುಮಾರು 10 ಸೆಂಟಿಮೀಟರ್ ನೀರಿನ ಒತ್ತಡ ಮಾತ್ರ. ಅಂದರೆ ಕಂಪ್ರೆಸರ್ ಬೇಕು, ಅದಕ್ಕೆ ವಿದ್ಯುತ್ ಬೇಕು. ಹೈಡ್ರೋಜನ್ ಸಲ್ಫೈಡನ್ನೂ ನೀರಾವಿಯನ್ನೂ ಮೊದಲೇ ತೆಗೆಯದಿದ್ದರೆ ಯಂತ್ರಕ್ಕೂ ಪೊರೆಗೂ ಹಾನಿ. ಒಂದೇ ಸಲ ಹಾಯಿಸಿದರೆ ಮೀಥೇನೂ ಒಂದಿಷ್ಟು ದಾಟಿ ಪೋಲಾಗುತ್ತದೆ. ಹಾಗಾಗಿ ಎರಡು ಮೂರು ಹಂತಗಳಲ್ಲಿ ಹಾಯಿಸಿ, ದಾಟಿದುದನ್ನು ಮತ್ತೆ ಹಿಂದಕ್ಕೆ ತಿರುಗಿಸುತ್ತಾರೆ. ದಿನಕ್ಕೆ 50 ಕಿಲೋ ಸಗಣಿ ಹಾಕುವ 2 ಘನ ಮೀಟರ್ ಸ್ಥಾವರಕ್ಕೆ ಇಷ್ಟೆಲ್ಲ ಖರ್ಚು ಗಿಟ್ಟುವುದಿಲ್ಲ. ಸಕ್ಕರೆ ಕಾರ್ಖಾನೆ, ದೊಡ್ಡ ಹೈನುಗಾರಿಕೆ ಕೇಂದ್ರ, ಹಲವು ಹಳ್ಳಿಗಳ ಸಗಣಿ ಸೇರುವ ಸ್ಥಾವರ ಇಂತಹ ಕಡೆ ಲೆಕ್ಕ ಹಾಕಿ ನೋಡಬಹುದು.

ಕೆಲವರು ಸಣ್ಣ ಪಂಪಿನಿಂದ ಗೋಬರ್ ಅನಿಲವನ್ನು ಅಡುಗೆ ಅನಿಲದ ಹಳೆಯ ಸಿಲಿಂಡರಿಗೆ ತುಂಬಲು ಯತ್ನಿಸುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಅಡುಗೆ ಅನಿಲ ಸಾಧಾರಣ ಒತ್ತಡದಲ್ಲಿ ದ್ರವವಾಗುತ್ತದೆ, ಆದ್ದರಿಂದ ಸಿಲಿಂಡರಿನಲ್ಲಿ 14.2 ಕಿಲೋ ಹಿಡಿಯುತ್ತದೆ. ಮೀಥೇನನ್ನು ಸೊನ್ನೆಗಿಂತ 82 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸದ ಹೊರತು ಎಷ್ಟು ಒತ್ತಿದರೂ ಅದು ದ್ರವವಾಗದು. ಆ ಸಿಲಿಂಡರಿಗೆ 8 ವಾಯುಭಾರದಲ್ಲಿ ತುಂಬಿದರೂ ಹಿಡಿಯುವುದು ಕಾಲು ಘನ ಮೀಟರಿನಷ್ಟು. ಒಂದು ಗಂಟೆ ಒಲೆ ಉರಿಸಿದರೆ ಮುಗಿಯಿತು. ವಾಹನದ ಸಿಲಿಂಡರ್ ಸುಮಾರು 200 ವಾಯುಭಾರ ತಾಳುವಂತೆ ಬೇರೆಯಾಗಿಯೇ ತಯಾರಾದುದು. ಹಳೆಯ ಸಿಲಿಂಡರಿನಲ್ಲಿ ಒತ್ತಡ ಏರಿಸಹೊರಟರೆ ಜೀವಕ್ಕೇ ಅಪಾಯ.

ಪೊರೆಯು ಅನಿಲವನ್ನಷ್ಟೇ ಮುಟ್ಟುತ್ತದೆ. ಸಗಣಿಯಲ್ಲಿದ್ದ ಸಾರಜನಕ, ರಂಜಕ, ಪೊಟ್ಯಾಷ್ ಬಹುಮಟ್ಟಿಗೆ ಬಗ್ಗಡದಲ್ಲಿಯೇ ಉಳಿಯುತ್ತವೆ. ದೊಡ್ಡ ಸ್ಥಾವರಕ್ಕೆ ಸಗಣಿ ಮಾರುವ ರೈತರು ತಮ್ಮ ಪಾಲಿನ ಬಗ್ಗಡ ಎಷ್ಟು, ಅದನ್ನು ಹೊಲಕ್ಕೆ ಸಾಗಿಸುವ ಖರ್ಚು ಯಾರದು ಎಂಬುದನ್ನು ಕರಾರಿನಲ್ಲಿ ಮೊದಲೇ ಬರೆಸಿಕೊಳ್ಳಬೇಕು.