ಅವ್ವ ಕಂಡ ನೀಲಿ ಚಿಕ್ಕಿ

ನಮ್ಮ ಇಳಕಲ್ ಕಡೆ ನಕ್ಷತ್ರಕ್ಕೆ ‘ಚಿಕ್ಕಿ’ ಅಂತೀವಿ. ಇಳಕಲ್ ಸೀರೆಯ ಒಂದು ಅಂಚಿನ ಹೆಸರೇ ‘ಚಿಕ್ಕಿ ಪರಾಸ’. ಮಗ್ಗದ ಮುಂದೆ ಕುಂತು ಮೂವತ್ತು ವರ್ಷ ಅಂಥ ಅಂಚುಗಳನ್ನು ನೇಯ್ದವಳು ನಮ್ಮವ್ವ. ಆಕಾಶದ ಚಿಕ್ಕಿಗಳನ್ನು ಅವಳಿಗೆ ಹತ್ತಿರದಿಂದ ತೋರಿಸಬೇಕು ಅಂತ ನನಗೆ ಹೊಳೆದಿದ್ದು ಮಾತ್ರ ಬೆಂಗಳೂರಲ್ಲಿ ನೌಕರಿಗೆ ಸೇರಿ ಐದು ವರ್ಷ ಆದ ಮೇಲೆ.

ನನ್ನದು 70 ಮಿಲಿಮೀಟರ್ ಮಸೂರದ ಪುಟ್ಟ ಟೆಲಿಸ್ಕೋಪು. ಬೆಂಗಳೂರಿನ ಬೆಳಕಿನಲ್ಲಿ ನೀಹಾರಿಕೆ, ಗ್ಯಾಲಕ್ಸಿ ಏನೂ ಕಾಣಲ್ಲ ಅಂತ ಬೇಜಾರಾಗಿ ಬಾಲ್ಕನಿಯಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದೆ. ಆಮೇಲೆ ಗೊತ್ತಾಯಿತು, ಜೋಡಿ ನಕ್ಷತ್ರ ನೋಡೋಕೆ ಕಗ್ಗತ್ತಲೇ ಬೇಕು ಅಂತೇನಿಲ್ಲ. ಊರಿನ ದೀಪಗಳ ನಡುವೆಯೂ ಕಾಣುತ್ತವೆ. ಬೇಕಾಗಿರೋದು ಅಲುಗಾಡದ ಗಾಳಿ ಮತ್ತು ತಾಳ್ಮೆ. ಬರಿಗಣ್ಣಿಗೆ ಒಂದೇ ಚುಕ್ಕಿ. ಟೆಲಿಸ್ಕೋಪಿನಲ್ಲಿ ಇಣುಕಿದರೆ ಎರಡು! ಆ ಕ್ಷಣದ ರುಚಿ ಒಮ್ಮೆ ಹತ್ತಿದರೆ ಬಿಡೋದಿಲ್ಲ.

ಒಂದು ಚುಕ್ಕಿ, ಎರಡು ಬಣ್ಣ

ದೀಪಾವಳಿ ರಜೆಗೆ ಊರಿಗೆ ಹೊರಟಾಗ ಅದನ್ನೂ ಬಸ್ಸಿಗೆ ಹಾಕಿಕೊಂಡು ಹೋದೆ. ಸಂಜೆ ಏಳರ ಹೊತ್ತಿಗೆ ಮಾಳಿಗೆ ಮೇಲೆ ನಿಲ್ಲಿಸಿ, ಪಶ್ಚಿಮಕ್ಕೆ ವಾಲಿದ್ದ ರಾಜಹಂಸ ನಕ್ಷತ್ರಪುಂಜದ ಕೊಕ್ಕಿನ ಚುಕ್ಕಿ ಅಲ್ಬಿರಿಯೊಗೆ ತಿರುಗಿಸಿದೆ. ಒಂದು ಹೊಂಬಣ್ಣ, ಪಕ್ಕದಲ್ಲೇ ಇನ್ನೊಂದು ನೀಲಿ. ಹೊಸಬರಿಗೆ ತೋರಿಸೋಕೆ ಇದಕ್ಕಿಂತ ಚಂದದ ಜೋಡಿ ಇಲ್ಲ.

“ಅಯ್ಯ, ಎರಡ ಅದಾವಲ್ಲೋ ತಮ್ಮಾ!” ಅಂದಳು ಅವ್ವ.

“ಬಣ್ಣ ಯಾವ್ಯಾವು ಹೇಳು?”

“ಒಂದು ಅರಿಶಿಣ. ಇನ್ನೊಂದು... ಮಾಸಿದ ಬಿಳಿ.”

“ಇಲ್ಲಬೇ, ಅದು ನೀಲಿ.”

“ಬಣ್ಣದ ಮಾತು ನನಗ ಕಲಸ್ತೀ ಏನು?” ಅವ್ವನಿಗೆ ಸಿಟ್ಟು ಬಂತು. ನಾನು ನಕ್ಕೆ. ದಾಳಿಂಬದ ಕೆಂಪಿನಲ್ಲೇ ನಾಲ್ಕು ಬಗೆ ಗುರುತಿಸುವವಳಿಗೆ ನೀಲಿ ಕಾಣಲಿಲ್ಲವಲ್ಲ ಅಂತ. ಸುಮ್ಮನೆ, “ಇನ್ನೊಂದು ಕಣ್ಣಿಲೆ ನೋಡು” ಅಂದೆ. ಅವಳು ಎಡಗಣ್ಣು ಮುಚ್ಚಿ ಬಲಗಣ್ಣಿಟ್ಟಳು. ಸ್ವಲ್ಪ ಹೊತ್ತು ಮಾತೇ ಇಲ್ಲ.

“ಇದರಾಗ ನೀಲಿ ಐತಿ ನೋಡು.”

ನನ್ನ ನಗು ಅಲ್ಲೇ ನಿಂತಿತು.

ಕೆಳಗೆ ಇಳಿದು ಕುಂತಾಗ ಒಂದೊಂದಾಗಿ ಹೊರಬಂತು. ಎರಡು ತಿಂಗಳ ಹಿಂದೆ ಹಸಿರು, ನೀಲಿ ನೂಲು ಅದಲು ಬದಲಾಗಿ ಒಂದು ಸೀರೆ ವಾಪಸು ಬಂದಿತ್ತಂತೆ. ಕೂಲಿ ಮುರಿದುಕೊಂಡಿದ್ದರಂತೆ. ಅಂದಿನಿಂದ ಪಕ್ಕದ ಮನೆ ಹುಡುಗಿಯ ಹತ್ತಿರ ನೂಲು ಆರಿಸಿಕೊಳ್ಳುತ್ತಿದ್ದಳು. “ವಯಸ್ಸಾತು, ಇನ್ನು ಮಗ್ಗ ಬಿಡೂದ ಅಂತ ಮಾಡಿದ್ದೆ. ದೂರ ಇರಾಂವ ನೀ, ನಿನಗ್ಯಾಕ ಚಿಂತಿ ಹಚ್ಚೂದು?” ದಿನಾ ರಾತ್ರಿ ವಿಡಿಯೊ ಕಾಲ್‌ನಲ್ಲಿ ಅವಳ ಮುಖ ನೋಡುತ್ತಿದ್ದೆ, ಕಣ್ಣು ನೋಡಿರಲಿಲ್ಲ.

ಕಣ್ಣಿನ ಡಾಕ್ಟರು ಹೇಳಿದ್ದು ಪೊರೆ. ಎಡಗಣ್ಣಿನಲ್ಲಿ ಹೆಚ್ಚು, ಬಲಗಣ್ಣಿನಲ್ಲಿ ಈಗಷ್ಟೇ ಶುರು. ಪೊರೆ ಬಂದ ಮಸೂರ ಮಬ್ಬಾಗುವುದಷ್ಟೇ ಅಲ್ಲ, ಹಳದಿಗೆ ತಿರುಗುತ್ತದೆ. ಹಳದಿ ಗಾಜಿನಂತೆ ನೀಲಿ ಬೆಳಕನ್ನು ತಡೆಯುತ್ತದೆ. ನಿಧಾನವಾಗಿ ಆಗುವುದರಿಂದ ನಮಗೇ ತಿಳಿಯೋದಿಲ್ಲ. ಬಣ್ಣವನ್ನೇ ಬದುಕು ಮಾಡಿಕೊಂಡಿದ್ದ ಫ್ರೆಂಚ್ ಚಿತ್ರಕಾರ ಕ್ಲಾಡ್ ಮೊನೆಗೂ ಇದೇ ಕಾಟ. 1923ರಲ್ಲಿ ಆತ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಡಿಸೆಂಬರಿನಲ್ಲಿ ಅವ್ವನ ಎಡಗಣ್ಣಿನ ಆಪರೇಷನ್ ಆಯಿತು.

ಕುಲುಮೆಯ ಲೆಕ್ಕ

ಅಂದಹಾಗೆ, ನಕ್ಷತ್ರಕ್ಕೆ ಬಣ್ಣ ಎಲ್ಲಿಂದ? ಕಮ್ಮಾರನ ಕುಲುಮೆ ನೆನಪಿಸಿಕೊಳ್ಳಿ. ಕಬ್ಬಿಣ ಮೊದಲು ಕೆಂಪಾಗುತ್ತದೆ, ಶಾಖ ಏರಿದಂತೆ ಹಳದಿ, ಆಮೇಲೆ ಬಿಳಿ. ನಕ್ಷತ್ರಗಳದ್ದೂ ಅದೇ ಲೆಕ್ಕ, ಇನ್ನೂ ಬಿಸಿಯಾದವು ನೀಲಿ. ಅಲ್ಬಿರಿಯೊದ ಹೊಂಬಣ್ಣದ ಚುಕ್ಕಿ 4,000 ಡಿಗ್ರಿ ಚಿಲ್ಲರೆ, ನೀಲಿಯದು ಸುಮಾರು 13,000. ನಮ್ಮ ರೈತರು ಮಳೆಗೆ ಹೆಸರಿಡುವ ನಕ್ಷತ್ರಗಳಲ್ಲೂ ಈ ಬಣ್ಣಗಳಿವೆ. ರೋಹಿಣಿ ಕಿತ್ತಳೆ, ಆರಿದ್ರಾ ಕೆಂಪು, ಚಿತ್ತಾ ನೀಲಿಬಿಳುಪು.

ಜೋಡಿ ನಕ್ಷತ್ರಗಳ ಕಥೆಗೂ ನಮ್ಮ ಜಿಲ್ಲೆಗೂ ಒಂದು ನಂಟಿದೆ. 1781ರಲ್ಲಿ ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್, ಮರುವರ್ಷ 269 ಜೋಡಿಗಳ ಪಟ್ಟಿ ಪ್ರಕಟಿಸಿದ. ಪಕ್ಕಪಕ್ಕ ಕಾಣುವುದು ಬರೀ ನೋಟದ ಆಟ ಅಂತ ಅವನು ಮೊದಲು ತಿಳಿದಿದ್ದ. ಇಪ್ಪತ್ತು ವರ್ಷ ಬಿಟ್ಟು ಮತ್ತೆ ಅಳೆದು ನೋಡಿದರೆ ಕೆಲವು ಜೋಡಿಗಳು ಒಂದನ್ನೊಂದು ಸುತ್ತುತ್ತಿದ್ದವು! ಅವನ ಮಗ ಜಾನ್ ಹರ್ಷೆಲ್ ಆ ಕೆಲಸ ಮುಂದುವರಿಸಿದ. ಮೊಮ್ಮಗನ ಹೆಸರೂ ಜಾನ್ ಹರ್ಷೆಲ್, ಸೈನ್ಯದ ಎಂಜಿನಿಯರ್. ಅವನು 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ನೋಡಲು ಬಂದದ್ದು ನಮ್ಮ ಜಮಖಂಡಿಗೆ. ಮೋಡಗಳ ಸಂದಿಯಲ್ಲೇ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಬಿಡಿಸಿ ಬಣ್ಣದ ಗೆರೆಗಳನ್ನು ಕಂಡ. ಅವು ಉರಿಯುವ ಅನಿಲ ಅನ್ನೋದಕ್ಕೆ ಅದೇ ಸಾಕ್ಷಿ.

ಸಂಕ್ರಾಂತಿಯ ರಾತ್ರಿ

ಸಂಕ್ರಾಂತಿಗೆ ಮತ್ತೆ ಊರಿಗೆ ಹೋದೆ. ಅಲ್ಬಿರಿಯೊ ಮುಳುಗಿತ್ತು. ದೇವಯಾನಿ ಪುಂಜದ ಆಲ್ಮಾಕ್ ನೆತ್ತಿಯಿಂದ ಸ್ವಲ್ಪ ಬಡಗಣಕ್ಕಿತ್ತು. ಇದೂ ಚಿನ್ನ–ನೀಲಿ ಜೋಡಿಯೇ, ಆದರೆ ನಡುವಿನ ಅಂತರ ಹತ್ತು ಆರ್ಕ್ ಸೆಕೆಂಡಿಗೂ ಕಮ್ಮಿ. ಒಂದು ಆರ್ಕ್ ಸೆಕೆಂಡ್ ಅಂದರೆ ರೂಪಾಯಿ ನಾಣ್ಯ ನಾಲ್ಕೈದು ಕಿಲೋಮೀಟರ್ ದೂರದಿಂದ ಕಂಡಷ್ಟು. 70 ಪಟ್ಟು ಹಿಗ್ಗಿಸಿ ಅವ್ವನನ್ನು ಕರೆದೆ. ಈ ಸಲ ಅವಳೇ ಮೊದಲು ಎಡಗಣ್ಣಿಟ್ಟಳು.

“ಅಯ್ಯ ಶಿವನ, ಎಂಥಾ ನೀಲಿ!”

ಅಷ್ಟಕ್ಕೇ ಮುಗಿಯಲಿಲ್ಲ. ರಾತ್ರಿ ಹತ್ತಕ್ಕೆ ಮಹಾವ್ಯಾಧನ ಕಾಲಿನ ರೈಜೆಲ್‌ಗೆ ತಿರುಗಿಸಿದೆ. ಅದರ ಜೊತೆಗಾರ ಚುಕ್ಕಿ 400 ಪಟ್ಟಿಗೂ ಹೆಚ್ಚು ಮಂಕು. ದೊಡ್ಡದರ ಪ್ರಭೆಯಲ್ಲೇ ಮುಳುಗಿರುತ್ತದೆ. ನಾನು ಮೂರು ಚಳಿಗಾಲ ಹುಡುಕಿ ಸೋತಿದ್ದೆ. ಅವ್ವ ಐದು ನಿಮಿಷ ಕಣ್ಣು ಕೀಲಿಸಿದಳು. “ದೊಡ್ಡದರ ಮಗ್ಗಲಾಗ ಎಳಿ ಗಂಟು ಬಿದ್ದಂಗ ಒಂದೀಟ ಐತಿ.” ಯಾವ ದಿಕ್ಕಿಗೆ ಅಂತ ಕೇಳಿಕೊಂಡು ನೋಡಿದೆ. ಹೌದು, ಇತ್ತು!

ನೀವೂ ನೋಡಬೇಕೆಂದರೆ

ಮೊದಲು ಬರಿಗಣ್ಣಿನಿಂದ ಶುರು ಮಾಡಿ. ಮದುವೆಯಲ್ಲಿ ತೋರಿಸುವ ಅರುಂಧತಿ–ವಸಿಷ್ಠ ಬೇಸಿಗೆಯ ಸಂಜೆ ಉತ್ತರದಲ್ಲಿರುತ್ತವೆ. ಟೆಲಿಸ್ಕೋಪಿಟ್ಟರೆ ವಸಿಷ್ಠನೊಬ್ಬನೇ ಎರಡಾಗುತ್ತಾನೆ. ಆಮೇಲೆ ಅಲ್ಬಿರಿಯೊ, ಆಲ್ಮಾಕ್, ಪುನರ್ವಸುವಿನ ಕ್ಯಾಸ್ಟರ್. ಕೊನೆಗೆ ರೈಜೆಲ್.

ಟೆಲಿಸ್ಕೋಪನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ, ತಣ್ಣಗಾಗಲಿ. ಹಗಲು ಕಾದ ಕಲ್ಲಿನ ಮಾಳಿಗೆ ಬಿಸಿ ಉಗುಳುತ್ತಿದ್ದರೆ ನಕ್ಷತ್ರ ಎಣ್ಣೆಯಲ್ಲಿ ಬಿದ್ದ ಬೋಂಡಾದಂತೆ ಕುದಿಯುತ್ತದೆ, ಅಂಗಳಕ್ಕೆ ಇಳಿಯಿರಿ. ಬಣ್ಣ ತಿಳಿಯದಿದ್ದರೆ ಫೋಕಸ್ ತುಸು ಸಡಿಲಿಸಿ. ಹಗಲಲ್ಲಿ ಮಾತ್ರ ಅಪ್ಪಿತಪ್ಪಿಯೂ ಸೂರ್ಯನತ್ತ ತಿರುಗಿಸಬೇಡಿ.

ಊರಿಗೆ ಹೋದಾಗ ಅಪ್ಪ–ಅವ್ವಂಗೂ ತೋರಿಸಿ. ಒಂದೊಂದೇ ಕಣ್ಣಲ್ಲಿ ನೋಡಲಿ. ಟೆಲಿಸ್ಕೋಪು ಕಣ್ಣಿನ ಡಾಕ್ಟರಲ್ಲ, ನಿಜ. ಬಣ್ಣದ ಬಗ್ಗೆ ಅವರು ಬೇರೆ ಹೇಳಿದರೆ ನನ್ನ ಹಾಗೆ ನಗಬೇಡಿ. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಅವ್ವ ಮತ್ತೆ ಮಗ್ಗಕ್ಕೆ ಕುಂತಿದ್ದಾಳೆ. ನೂಲು ತಾನೇ ಆರಿಸುತ್ತಾಳೆ.